‘ವಿಷಾನಿಲ ಪತ್ತೆ ಕಾಗದ’: ಎರಡು ಪದಗಳೂ ಸರಿಹೊಂದುತ್ತಿಲ್ಲ

ಮಿತ್ರರೆ,

ರಾಸಾಯನಿಕ ದಾಳಿ ನಡೆದ ಜಾಗದಲ್ಲಿ ಬಳಸುವ, ವಿಷದ ಹನಿ ತಗುಲಿದರೆ ಬಣ್ಣ ತಿರುಗುವ ಎಂ8 ಕಾಗದಕ್ಕೆ ಕನ್ನಡದಲ್ಲಿ ಏನೆನ್ನಬೇಕು? ‘ವಿಷಾನಿಲ ಪತ್ತೆ ಕಾಗದ’ ಎಂಬುದು ಥಟ್ಟನೆ ಹೊಳೆಯುವ ಹೆಸರು. ಆದರೆ ಅದನ್ನು ಕೈಪಿಡಿಯಲ್ಲಿ ಹಾಕಿದರೆ ಓದಿದವರು ಅಪಾಯಕ್ಕೆ ಸಿಲುಕಬಹುದು.

ಮೊದಲು ‘ಅನಿಲ’. 1915ರ ಏಪ್ರಿಲ್ 22ರಂದು ಮೊದಲ ಮಹಾಯುದ್ಧದಲ್ಲಿ ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೇನೆ ಬಿಟ್ಟ ಕ್ಲೋರಿನ್ ನಿಜಕ್ಕೂ ಅನಿಲ. ನರಗಳಿಗೆ ತಟ್ಟುವ ಸಾರಿನ್ ಎಂಬ ವಿಷ ಹಾಗಲ್ಲ, ಅದು ಸುಮಾರು 158 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುವ ದ್ರವ. ‘ಸಾಸಿವೆ ಅನಿಲ’ ಎಂದು ರೂಢಿಗೆ ಬಂದಿರುವುದೂ ಎಣ್ಣೆಯಂಥ ದ್ರವವೇ, ಸುಮಾರು 14 ಡಿಗ್ರಿಗಿಂತ ತಣ್ಣಗಾದರೆ ಹೆಪ್ಪುಗಟ್ಟುತ್ತದೆ. ಅನಿಲ ಎಂದೊಡನೆ ‘ಗಾಳಿ ಬೀಸಿದರೆ ಹೋಯಿತು’ ಅನ್ನಿಸುತ್ತದೆ. ದ್ರವವಾದರೋ ಬಟ್ಟೆಗೆ ಹಿಡಿದು ಅಲ್ಲಿಂದ ಆವಿಯಾಗುತ್ತಲೇ ಇರುತ್ತದೆ. 1995ರ ಮಾರ್ಚ್ 20ರಂದು ಟೋಕಿಯೊ ಸುರಂಗ ರೈಲಿನಲ್ಲಿ ಸಾರಿನ್ ದಾಳಿಯಾದಾಗ, ಗಾಯಾಳುಗಳ ಬಟ್ಟೆಯಿಂದೆದ್ದ ಆವಿ ಆಸ್ಪತ್ರೆ ಸಿಬ್ಬಂದಿಗೂ ತಟ್ಟಿತು. ಬಟ್ಟೆ ಕಳಚುವುದು ಮೊದಲ ಕೆಲಸ ಎಂಬುದು ‘ಅನಿಲ’ ಎಂಬ ಪದದಿಂದ ಹೊಳೆಯುವುದೇ ಇಲ್ಲ.

ಎಂ8 ಕಾಗದ ಹನಿಗೆ ಮಾತ್ರ ಬಣ್ಣ ತಿರುಗುತ್ತದೆ: ಸಾರಿನ್ ಗುಂಪಿನ ನರವಿಷಕ್ಕೆ ಹಳದಿ, ಸಾಸಿವೆ ವಿಷಕ್ಕೆ ಕೆಂಪು, ವಿಎಕ್ಸ್ ಎಂಬ ಇನ್ನೊಂದು ನರವಿಷಕ್ಕೆ ಕಡುಹಸಿರು. ಆವಿಗೆ ಅದು ಕುರುಡು. ಬಣ್ಣ ಬರಲಿಲ್ಲವೆಂದು ಮುಖಗವಸು ತೆಗೆಯುವಂತಿಲ್ಲ.

ಇನ್ನು ‘ಪತ್ತೆ’. ಕಳ್ಳ ಪತ್ತೆಯಾದ ಎಂದರೆ ಯಾರೆಂದು ಗೊತ್ತಾಯಿತು ಎಂದರ್ಥ, ಅನುಮಾನಕ್ಕೆ ಎಡೆಯಿಲ್ಲ. ಈ ಕಾಗದ ಅಷ್ಟು ಖಚಿತವಾಗಿ ಹೇಳಲಾರದು. ಬ್ರೇಕ್ ಆಯಿಲ್, ಸೊಳ್ಳೆ ಓಡಿಸುವ ಲೇಪ, ಕೆಲವು ದ್ರಾವಕಗಳು ಕೂಡ ಬಣ್ಣ ಬರಿಸುತ್ತವೆ. ಹನಿಯ ಮೇಲೆ ಕಾಗದವನ್ನು ಒತ್ತಬೇಕೇ ಹೊರತು ಉಜ್ಜಬಾರದು. ಉಜ್ಜಿದರೆ ತಪ್ಪು ಸುಳಿವು ಸಿಗಬಹುದು. ಬಣ್ಣ ಕಂಡರೆ ಸದ್ಯಕ್ಕೆ ವಿಷವೆಂದೇ ನಡೆದುಕೊಂಡು, ಯಾವುದೆಂಬುದನ್ನು ಬೇರೆ ಉಪಕರಣದಿಂದ ಖಚಿತಪಡಿಸಿಕೊಳ್ಳಬೇಕು.

ಶಾಲೆಯ ರಸಾಯನಶಾಸ್ತ್ರದಲ್ಲಿ ಲಿಟ್ಮಸ್‌ಗೆ ‘ಸೂಚಕ’ ಎನ್ನುತ್ತೇವೆ. ಅದೇ ಜಾಡಿನಲ್ಲಿ ‘ವಿಷಹನಿ ಸೂಚಕ ಕಾಗದ’ ಎಂದರೆ ಹೇಗೆ? ಹನಿಗೆ ಮಾತ್ರ ಎಂಬುದೂ ಬರುತ್ತದೆ, ಸುಳಿವಷ್ಟೇ ಎಂಬುದೂ ಬರುತ್ತದೆ. ‘ವಿಷದ್ರವ’ ಎನ್ನಬಹುದಿತ್ತು, ಆದರೆ ಅದನ್ನು ಕೇಳಿದರೆ ಬಾಟಲಿ ತುಂಬ ಇರುವಂತೆ ತೋರುತ್ತದೆ. ಇಲ್ಲಿ ಎಲೆಯ ಮೇಲೆ, ಬಾಗಿಲ ಹಿಡಿಯ ಮೇಲೆ ಕೂತ ಚುಕ್ಕೆಯೇ ಅಪಾಯ. ಗಾಳಿಯಲ್ಲಿನ ವಿಷ ಅಳೆಯುವ ಯಂತ್ರಕ್ಕೆ ‘ವಿಷಾವಿ ಸೂಚಕ’ ಎಂದು ಬೇರೆಯಾಗಿ ಇಟ್ಟುಕೊಳ್ಳೋಣವೆ? ಸಂಧಿ ಮಾಡಿದಾಗ ಓದುವವರು ತಡವರಿಸಿದರೆ ‘ವಿಷದ ಆವಿ’ ಎಂದೇ ಬಿಡಿಸಿ ಬರೆಯುವುದು ಲೇಸೆಂದು ನನ್ನ ಅನಿಸಿಕೆ. ನಿಮಗೆ ಯಾವುದು ಸರಿಯೆನಿಸುತ್ತದೆ?