ಪದಚರ್ಚೆ: ಗಾಜು ಕೂರಿಸಿದ ಓಕ್ ತಲೆಬಾಗಿಲು – ಬಾಗಿಲೋ, ಕದವೋ, ದಾರಂದವೋ?

ಗೆಳೆಯರೇ,

ಮನೆಯ ಮುಂದುಗಡೆ ಓಕ್ ಮರದ ಕಂಬ, ತೊಲೆ ನಿಲ್ಲಿಸಿ, ಬಾಗಿಲಿಗೂ ಅದರ ಅಕ್ಕಪಕ್ಕಕ್ಕೂ ಗಾಜು ಹಾಕಿಸುತ್ತಾರಲ್ಲ, ಅದನ್ನು ಆರಿಸುವುದು, ನೋಡಿಕೊಳ್ಳುವುದು ಹೇಗೆ ಎಂಬ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಣ್ಣ ಕೆಲಸ. ಆದರೆ ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಂಡೆ.

ಪ್ರವೇಶದ್ವಾರ ಅಂದರೆ ಸಭಾಂಗಣದ ಬೋರ್ಡು ಓದಿದ ಹಾಗಾಗುತ್ತದೆ. ಹೆಬ್ಬಾಗಿಲು ಕೋಟೆಗೆ ಸರಿ. ಸದ್ಯಕ್ಕೆ ತಲೆಬಾಗಿಲು ಅಂತ ಬರೆದಿದ್ದೇನೆ. ಸರಿ, ಬಾಗಿಲು ಅಂದರೆ ನಾವು ಹಾಯ್ದು ಹೋಗುವ ತೆರಪೋ, ತೆರೆದು ಮುಚ್ಚುವ ಹಲಗೆಯೋ? ತಮಿಳಿನ ವಾಯಿಲ್, ತೆಲುಗಿನ ವಾಕಿಲಿ ಎರಡೂ ನಮ್ಮ ಬಾಗಿಲಿನ ಒಡಹುಟ್ಟುಗಳು, ಅಲ್ಲಿ ಅವು ತೆರಪಿನ ಹೆಸರು. ಹಲಗೆಗೆ ತಮಿಳರು ಕದವು ಅನ್ನುತ್ತಾರೆ, ತೆಲುಗರು ತಲುಪು. ನಮಗೂ ಕದ ಇದೆ. "ಯಾರೋ ಬಾಗಿಲಲ್ಲಿ ನಿಂತಿದ್ದಾರೆ" ಅನ್ನುತ್ತೇವೆ, "ಕದದಲ್ಲಿ ನಿಂತಿದ್ದಾರೆ" ಅನ್ನುವುದಿಲ್ಲ, ಅಲ್ವಾ?

ಇದು ಸುಮ್ನೆ ಪದದ ಚಪಲ ಅಲ್ಲ. ಕಂಬ, ತೊಲೆಗಳಿಗೆ ಆಗಷ್ಟೇ ಕಡಿದ ಓಕ್ ನಡೆಯುತ್ತದೆ. ಕದಕ್ಕೆ ಅದು ಆಗುವುದಿಲ್ಲ, ಚೆನ್ನಾಗಿ ಒಣಗಿದ ಮರವೇ ಬೇಕು. ಇಲ್ಲದಿದ್ದರೆ ತಿರುಚಿಕೊಂಡು, ಮುಚ್ಚಲಿಕ್ಕೇ ಬರುವುದಿಲ್ಲ. "ಬಾಗಿಲಿಗೆ ಒಣ ಮರ ಆರಿಸಿ" ಅಂತ ಬರೆದರೆ ಓದುವವರು ಯಾವುದನ್ನು ಹಿಡಿಯಬೇಕು? ಹಾಗಾಗಿ ಹಲಗೆಗೆ ಕದ, ಅದನ್ನು ಹಿಡಿದು ನಿಲ್ಲಿಸುವುದಕ್ಕೆ ದಾರಂದ ಅಂತ ಬೇರೆಬೇರೆ ಮಾಡಿದ್ದೇನೆ. ಕೆಲವರು ಬಾಗಿಲವಾಡ ಅನ್ನುತ್ತಾರೆ. ಚೌಕಟ್ಟು ಬೇಡವೆನಿಸಿತು, ಫೋಟೋದಿಂದ ಕಾನೂನಿನವರೆಗೆ ಎಲ್ಲಕ್ಕೂ ಅದನ್ನೇ ಹಾಕಿ ಸವೆಸಿಬಿಟ್ಟಿದ್ದೇವೆ.

ಆಗಷ್ಟೇ ಕಡಿದ ಮರಕ್ಕೆ ಇಂಗ್ಲಿಷಿನವರು ಗ್ರೀನ್ ಓಕ್ ಅನ್ನುತ್ತಾರೆ. ನನ್ನ ಮೊದಲ ಕರಡಿನಲ್ಲಿ ಅದು "ಹಸಿರು ಓಕ್" ಆಗಿತ್ತು. ಓದಿದ ಗೆಳೆಯನೊಬ್ಬ "ಬೇರೆ ಬಣ್ಣ ಸಿಗಲ್ವಾ?" ಅಂದ. ನಾಚಿಕೆಯಾಗಿ ತಿದ್ದಿದೆ: ಹಸಿ ಓಕ್. ಹಸಿ, ಹಸಿರು ಒಂದೇ ಬೇರಿನವು, ಆದರೆ ಇಂಗ್ಲಿಷಿನವರು ಒಂದೇ ಪದದಲ್ಲಿ ಮುಗಿಸುವುದನ್ನು ನಾವು ಎರಡಾಗಿ ಒಡೆದುಕೊಂಡಿದ್ದೇವೆ.

ಹಸಿ ಓಕ್ ಗಾಳಿಯಲ್ಲಿ ಒಣಗಲು 25 ಮಿಲಿಮೀಟರ್ ದಪ್ಪಕ್ಕೆ ಸುಮಾರು 1 ವರ್ಷ ಅನ್ನುವುದು ಮರಗೆಲಸದವರ ಲೆಕ್ಕ. ಅಷ್ಟು ದಿನವೂ ಅದು ಅಗಲದಲ್ಲಿ ಕುಗ್ಗುತ್ತದೆ, ಉದ್ದದಲ್ಲಿ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಕುಗ್ಗುವಾಗ ಎಳೆಯುದ್ದಕ್ಕೂ ಬಾಯಿ ಬಿಡುತ್ತದೆ. ಇದನ್ನು ಬಿರುಕು ಅಂದರೆ ಮನೆಯವರು ಹೆದರಿ ಪುಟ್ಟಿ ತುಂಬುತ್ತಾರೆ. ಮರ ಮತ್ತೆ ಅಲುಗಿದಾಗ ಪುಟ್ಟಿ ಉದುರುತ್ತದೆ. ಸಾಮಾನ್ಯವಾಗಿ ಈ ಬಿರುಕಿನಿಂದ ಬಲಕ್ಕೇನೂ ಕುಂದಿಲ್ಲ. "ಒಣಗುಸೀಳು" ಅಂದರೆ ಹೇಗೆ? ಕಾರಣ ಹೆಸರಿನಲ್ಲೇ ಬಂದುಬಿಡುತ್ತದೆ.

ನನಗೆ ಬಹಳ ಖುಷಿ ಕೊಟ್ಟ ಪದ ಓಕ್ ಮರದಲ್ಲಿರುವ ಟ್ಯಾನಿನ್ ಎಂಬ ರಾಸಾಯನಿಕಕ್ಕೆ ಸಿಕ್ಕಿದ್ದು. ಒಗರು! ನಾಲಿಗೆ ಹಿಡಿದುಕೊಳ್ಳುವ ಆ ರುಚಿ ಬರುವುದೇ ಅದರಿಂದ. ಹೊಸ ಓಕ್ ಮೇಲೆ ಮಳೆ ಬಿದ್ದರೆ ಕಂದು ನೀರು ಇಳಿದು ಹೊಸ್ತಿಲ ಕಲ್ಲಿನ ಮೇಲೆ ಗೆರೆ ಎಳೆಯುತ್ತದೆ. ಅಡಿಕೆ ಬೇಯಿಸುವವರು ಇಂಥ ನೀರಿಗೆ ಚೊಗರು ಅನ್ನುತ್ತಾರೆ. ಇಲ್ಲಿಗೆ ಅದನ್ನೇ ಎರವಲು ತಂದರೆ ತಪ್ಪೇ? ಈ ಒಗರಿಗೆ ಕಬ್ಬಿಣ ತಾಗಿದರೆ ಮರ ನೀಲಿಗಪ್ಪಾಗುತ್ತದೆ. ಓಕ್ ಮರದಲ್ಲಿ ಹುಳದ ಕಾಟಕ್ಕೆ ಏಳುವ ಕಾಯಿಯಂಥ ಗಂಟಿನಿಂದ ಹಿಂದೆ ಶಾಯಿ ಮಾಡುತ್ತಿದ್ದುದು ಇದೇ ಗುಣದಿಂದ. ಅದಕ್ಕೇ ಮೊಳೆ, ತಿರುಪು, ಕೀಲು ಎಲ್ಲ ಸ್ಟೇನ್‌ಲೆಸ್ ಸ್ಟೀಲಿನದೋ ಹಿತ್ತಾಳೆಯದೋ ಇರಬೇಕು. ಉಕ್ಕಿನ ಉಣ್ಣೆಯಿಂದ (ಸ್ಟೀಲ್ ವುಲ್) ಉಜ್ಜಲೂಬಾರದು, ಅದರ ಚೂರುಗಳೇ ಮಳೆ ಬಂದ ಮೇಲೆ ಕಪ್ಪು ಚುಕ್ಕೆಗಳಾಗುತ್ತವೆ. ಕಲೆ ಬಿದ್ದರೆ ಆಕ್ಸಾಲಿಕ್ ಆಮ್ಲ ಕಲಸಿದ ನೀರಿನಿಂದ ತೆಗೆಯಬಹುದು, ಕೈಗವಸು ಮರೆಯಬಾರದು.

ಏನೂ ಹಚ್ಚದೆ ಬಿಟ್ಟ ಓಕ್ ಬೆಳ್ಳಿಬೂದು ಬಣ್ಣಕ್ಕೆ ತಿರುಗುತ್ತದೆ. ಇದಕ್ಕೆ "ಮಾಸುವುದು" ಅನ್ನಲು ಮನಸ್ಸಿಲ್ಲ, ಕೊಳೆಯಾದ ಹಾಗೆ ಕೇಳಿಸುತ್ತದೆ. "ನರೆಯುವುದು" ಚೆನ್ನ ಅನ್ನಿಸಿತು. ಮರಕ್ಕೂ ನರೆ ಬರಲಿ ಬಿಡಿ. ಬೇಡವೆನ್ನುವವರು ಎಣ್ಣೆ ಹಚ್ಚಿಕೊಂಡೇ ಇರಬೇಕು. ವಾರ್ನಿಷ್ ಹೊರಗೆ ಎದ್ದು ಸಿಪ್ಪೆ ಬಿಡುತ್ತದೆ, ಆಮೇಲೆ ಉಜ್ಜುವ ಕೆಲಸ ಜಾಸ್ತಿ.

ಉಳಿದದ್ದು ಗಾಜು. ಅಲುಗುವ ಹಸಿ ಮರಕ್ಕೆ ಅದನ್ನು ಬಿಗಿಯಾಗಿ ಕೂರಿಸುವಂತಿಲ್ಲ. ಸುತ್ತ ತುಸು ಜಾಗ ಬಿಟ್ಟು, ನೀರು ಇಳಿದುಹೋಗಲು ದಾರಿ ಮಾಡಿ, ಮೇಲೆ ಪಟ್ಟಿ ಹೊಡೆಯುತ್ತಾರೆ. ಎರಡು ಪದರದ ಗಾಜಾದರೆ ವಿನೆಗರ್ ವಾಸನೆಯ ಸಿಲಿಕೋನ್ ಬೇಡ, ಎರಡೂ ಗಾಜನ್ನು ಸುತ್ತ ಹಿಡಿದಿಡುವ ಅಂಚಿನ ಬೆಸುಗೆಯನ್ನು ಅದು ಕೆಡಿಸುತ್ತದೆ. ಅಂಚಿನ ಬೆಸುಗೆ ಅಂದದ್ದು ಸರಿಯೇ? ಲೋಹ ಕರಗಿಸಿ ಸೇರಿಸಿದ್ದಲ್ಲವಲ್ಲ, ಅಂಟು ಅದು.

ಕೊನೆಯದಾಗಿ, ಗಾಜು ಒರಗಿ ಕೂರಲು ಮರದ ಅಂಚಿನಲ್ಲಿ ಕೊರೆಯುವ ಮೆಟ್ಟಿಲಿನಂಥ ಜಾಗ. "ಕಚ್ಚು" ಅಂತ ಬರೆದಿದ್ದೇನೆ. ಒಬ್ಬರು "ತೋಡು" ಅಂದರು. ತೋಡಿಗೆ ಎರಡೂ ಬದಿ ಗೋಡೆ ಬೇಕಲ್ಲವೇ? ಇದಕ್ಕೆ ಒಂದೇ ಬದಿ. ಮರಗೆಲಸ ಮಾಡುವವರು, ಅವರ ಮಾತು ಕೇಳಿ ಬೆಳೆದವರು ಯಾರಾದರೂ ಇದ್ದರೆ ಹೇಳಿ.