ಬಿನೈನ್ ಗಡ್ಡೆಗೆ ‘ನಿರುಪದ್ರವಿ’ ಸರಿಯಾದ ಪದವೇ?

ಗೆಳೆಯರೇ, ಒಂದು ಪದ ವಾರದಿಂದ ಕಾಡುತ್ತಿದೆ.

ನಮ್ಮ ಅತ್ತೆಗೆ ಬೆನ್ನಲ್ಲಿ, ಭುಜದ ಹಲಗೆಯ ಕೆಳತುದಿಯ ಹತ್ತಿರ ಒಂದು ಗಂಟು. ಕೈ ಮುಂದೆ ಚಾಚಿದರೆ ಉಬ್ಬಿ ಕಾಣುತ್ತದೆ, ಇಳಿಸಿದರೆ ಮೂಳೆಯಡಿ ಅಡಗುತ್ತದೆ. ಎಂಆರ್‌ಐ ವರದಿಯಲ್ಲಿ ಎಲಾಸ್ಟೋಫೈಬ್ರೋಮಾ, ಬಿನೈನ್ (ಎಂದರೆ ಕ್ಯಾನ್ಸರ್ ಅಲ್ಲದ) ಗಡ್ಡೆ ಎಂದಿತ್ತು. 1961ರಲ್ಲಿ ಫಿನ್‌ಲೆಂಡಿನ ವೈದ್ಯರಾದ ಯಾರ್ವಿ ಮತ್ತು ಸಾಕ್ಸೇನ್ ಇದನ್ನು ಮೊದಲು ವಿವರಿಸಿದರಂತೆ, ಜಾಸ್ತಿ ಬರುವುದು ವಯಸ್ಸಾದ ಹೆಂಗಸರಿಗೆ. ಚಿತ್ರದಲ್ಲಿ ಸ್ನಾಯುವಿನಂತೆಯೇ ಕಾಣುವ ನಾರು, ನಡುನಡುವೆ ಕೊಬ್ಬಿನ ಗೆರೆಗಳು. ಜಾಗ, ವಯಸ್ಸು, ಆ ಗೆರೆಗಳು, ಮೂರೂ ಕೂಡಿ ಬಂದಿರುವುದರಿಂದ ಸುಮ್ನೆ ಚುಚ್ಚಿ ತುಣುಕು ತೆಗೆಯುವುದು ಬೇಡ ಎಂದರು ವೈದ್ಯರು.

ಬಿನೈನ್ ಅನ್ನುವುದನ್ನು ನಾನು ‘ನಿರುಪದ್ರವಿ’ ಎಂದು ಓದಿ ಹೇಳಿದೆ. “ಉಪದ್ರವ ಇಲ್ವಾ? ರಾತ್ರಿ ಮಗ್ಗುಲು ಬದಲಿಸೋಕೆ ಆಗಲ್ಲ ನನಗೆ” ಎಂದರು ಅತ್ತೆ. ಅವರ ಮಾತು ನಿಜ. ಕ್ಯಾನ್ಸರ್ ಅಲ್ಲ ಅನ್ನುವುದು ಬೇರೆ, ತೊಂದರೆ ಕೊಡಲ್ಲ ಅನ್ನುವುದು ಬೇರೆ. ನಮ್ಮ ಪದ ಎರಡನ್ನೂ ಒಂದೇ ಮಾಡಿ, ನೋಯುವವರ ನೋವನ್ನೇ ಇಲ್ಲವೆನ್ನುತ್ತದೆ.

‘ಹರಡದ ಗಡ್ಡೆ’ ಅನ್ನೋಣ ಎಂದುಕೊಂಡೆ. ಅಲ್ಲಿ ಡೆಸ್ಮಾಯ್ಡ್ ಎಂಬ ಇನ್ನೊಂದು ನಾರಿನ ಗಡ್ಡೆ ಅಡ್ಡ ಬಂತು. ಅದು ಅಪರೂಪದ್ದು, ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಖಚಿತ ಮಾಡಿಕೊಳ್ಳುತ್ತಾರೆ. ದೂರದ ಅಂಗಕ್ಕೆ ಹೋಗುವುದಿಲ್ಲ, ಆದರೆ ಪಕ್ಕದ ಸ್ನಾಯುವಿಗೆ ನುಗ್ಗುತ್ತದೆ, ತೆಗೆದರೂ ಅಲ್ಲೇ ಮತ್ತೆ ಬರಬಹುದು. ಹಾಗಾದರೆ ಅದು ಹರಡುತ್ತದೋ ಇಲ್ಲವೋ? ಕನ್ನಡದಲ್ಲಿ ಇದಕ್ಕೆ ಎರಡು ಬೇರೆ ಮಾತುಗಳಿವೆ ಅಲ್ವಾ: ಬಳ್ಳಿ ಹಬ್ಬುತ್ತದೆ, ಬೀಜ ಚೆದುರುತ್ತದೆ. ಡೆಸ್ಮಾಯ್ಡ್ ಹಬ್ಬುತ್ತದೆ, ಚೆದುರುವುದಿಲ್ಲ. ಬದು ಕಿತ್ತು ಪಕ್ಕದ ಹೊಲಕ್ಕೆ ಬರುವವರಿಗೆ ನಾವು ಹೇಳುವ ‘ಒತ್ತುವರಿ’ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ ಅಂತ ನನಗನ್ನಿಸುತ್ತದೆ. ‘ಒತ್ತುವರಿ ಗಡ್ಡೆ’ ಅಂದರೆ ಹಳ್ಳಿಯವರಿಗೂ ತಟ್ಟನೆ ಹೊಳೆಯುತ್ತದೆ.

ಅತ್ತೆಯಂಥದ್ದಕ್ಕೆ ‘ಸಾಧು ಗಂಟು’ ಆದೀತೇ? ಸಾಧು ಹಸುವೂ ಒಮ್ಮೊಮ್ಮೆ ಒದೆಯುತ್ತದೆ, ಹಾಗಾಗಿ ನೋವಿಗೂ ಅದರಲ್ಲಿ ಜಾಗವಿದೆ. ‘ಗಡ್ಡೆ’ ಬಿಟ್ಟು ‘ಗಂಟು’ ಅಂದಿದ್ದೂ ಬೇಕೆಂದೇ. ಕೊಬ್ಬಿನ ಗಂಟು ಅಂದರೆ ನಮ್ಮ ಕಡೆ ಯಾರೂ ಹೆದರಲ್ಲ, ಗಡ್ಡೆ ಅಂದಕೂಡಲೇ ಮುಖ ಬಿಳಿಚಿಕೊಳ್ಳುತ್ತದೆ. ನಿಮ್ಮ ಕಡೆಯೂ ಹೀಗೇನಾ? ಬೇರೆ ಪದ ಇದ್ದರೆ ದಯವಿಟ್ಟು ಹೇಳಿ, ಅತ್ತೆಗೆ ವರದಿಯನ್ನು ಇನ್ನೊಮ್ಮೆ ಓದಿ ಹೇಳಬೇಕು.