ಹಿಪ್‌ಹಾಪ್ ಹುಟ್ಟಿಸಿದ್ದು ಕಂಪನಿ ಅಲ್ಲ ಮಾವ

ದೊಡ್ಡಮಾವ (ಫಾರ್ವರ್ಡ್): ಪೋಷಕರೇ ಎಚ್ಚರ! ಹಿಪ್‌ಹಾಪ್ ಎಂಬ ಹಾಡು-ಕುಣಿತವು 1979ರಲ್ಲಿ ಅಮೆರಿಕದ ರೆಕಾರ್ಡ್ ಕಂಪನಿಗಳು ದುಡ್ಡಿಗಾಗಿ ಹುಟ್ಟಿಸಿದ ಗಲಾಟೆ. ಸಂಗೀತ ಬಾರದವರು ಕದ್ದ ಸಾಮಾನು, ಕದ್ದ ಹಾಡು ಸೇರಿಸಿ ಕಟ್ಟಿದ್ದು. ನಿಮ್ಮವರೆಲ್ಲರಿಗೂ ಕಳಿಸಿ.

ದೊಡ್ಡಮಾವ: ಪುಟ್ಟಿಯನ್ನು ಬ್ರೇಕಿಂಗ್ ಎಂಬ ಆ ಹಿಪ್‌ಹಾಪ್ ಕುಣಿತದ ಕ್ಲಾಸಿಗೆ ಸೇರಿಸುವ ಮೊದಲು ಎಲ್ಲರೂ ಓದಿ.

ಅಕ್ಕ: ಮಾವ, ಫೀಸು ಕಟ್ಟಿ ಆಯ್ತು.

ದೊಡ್ಡಮಾವ: ಕಟ್ಟಿದರೇನು, ವಾಪಸ್ ಕೇಳು.

ನಾನು: ಮಾವ, ಇದರ ಮೊದಲ ಸಾಲೇ ತಪ್ಪು. 1979ರ ಹೊತ್ತಿಗೆ ಹಿಪ್‌ಹಾಪ್ ಶುರುವಾಗಿ ಆರು ವರ್ಷ ಆಗಿತ್ತು. ಅದು 1973ರ ಆಗಸ್ಟ್ 11. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಸೆಡ್ಜ್‌ವಿಕ್ ಅವೆನ್ಯೂ, 1520ನೇ ನಂಬರಿನ ಅಪಾರ್ಟ್‌ಮೆಂಟು. ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿಗೆ ಶಾಲೆ ಶುರುವಾಗುವ ಮೊದಲು ಹೊಸ ಬಟ್ಟೆ ಕೊಳ್ಳಲು ದುಡ್ಡು ಬೇಕಿತ್ತು. ಕೆಳಗಿನ ಹಾಲ್‌ನಲ್ಲಿ ಪಾರ್ಟಿ ಇಟ್ಟಳು. ಹುಡುಗಿಯರಿಗೆ 25 ಸೆಂಟು, ಹುಡುಗರಿಗೆ 50 ಸೆಂಟು. ಹಾಡು ಹಾಕಿದ್ದು ಅವಳ ಅಣ್ಣ ಕ್ಲೈವ್. ಆಗ ಅವನಿಗೆ 18 ವರ್ಷ. ಜನ ಕರೆಯುತ್ತಿದ್ದದ್ದು ಕೂಲ್ ಹರ್ಕ್ ಎಂದು. ಇದರಲ್ಲಿ ಕಂಪನಿ ಎಲ್ಲಿದೆ ಹೇಳಿ?

ಭಾವ: ಪಾರ್ಟಿಯಲ್ಲಿ ಹಾಡು ಹಾಕೋದು ಏನು ದೊಡ್ಡ ವಿಷಯ? ನಮ್ಮ ಗಣೇಶನ ಪೆಂಡಾಲಿನಲ್ಲೂ ಹಾಕುತ್ತಾರೆ.

ನಾನು: ಹೇಗೆ ಹಾಕಿದ ಅನ್ನೋದೇ ವಿಷಯ ಭಾವ. ಅಮೆರಿಕದ ಹಾಡುಗಾರ ಜೇಮ್ಸ್ ಬ್ರೌನ್ ಅಂಥವರ ಹಾಡುಗಳಲ್ಲಿ ಮಧ್ಯೆ ಒಂದು ಕಡೆ ಹಾಡೋದು ನಿಂತು ಬರೀ ಡ್ರಮ್ಮು ಉಳಿಯುತ್ತದೆ. ಅದನ್ನೇ ಬ್ರೇಕ್ ಅನ್ನುತ್ತಾರೆ. ಹುಡುಗರು ಅಷ್ಟು ಹೊತ್ತು ಕಾಯುತ್ತಿದ್ದದ್ದು ಅದಕ್ಕೇ, ಆಗ ಮೈಮರೆತು ಕುಣಿಯುತ್ತಿದ್ದರು. ಆದರೆ ಕೆಲವೇ ಸೆಕೆಂಡಿಗೆ ಮುಗಿದುಹೋಗುತ್ತಿತ್ತು. ಹರ್ಕ್ ಇದನ್ನು ಗಮನಿಸಿದ. ಒಂದೇ ಗ್ರಾಮಫೋನ್ ಪ್ಲೇಟಿನ ಎರಡು ಪ್ರತಿ ತಂದು ಎರಡು ಪ್ಲೇಯರ್ ಮೇಲೆ ಇಟ್ಟ. ಒಂದರಲ್ಲಿ ಬ್ರೇಕ್ ಮುಗಿಯುತ್ತಿದ್ದ ಹಾಗೇ ಇನ್ನೊಂದರಲ್ಲಿ ಶುರು. ಅದು ಓಡುವಷ್ಟರಲ್ಲಿ ಮೊದಲನೆಯದನ್ನು ಹಿಂದಕ್ಕೆ ತಿರುಗಿಸಿ ತಯಾರು ಮಾಡುವುದು. ಎಷ್ಟು ಹೊತ್ತು ಬೇಕಾದರೂ ಕುಣಿಯಬಹುದು. ಪುಟ್ಟಿ ಕಲಿಯಲು ಹೊರಟಿರುವ ಕುಣಿತ ಬೆಳೆದದ್ದು ಆ ಡ್ರಮ್ಮಿನ ಮೇಲೆ.

ದೊಡ್ಡಮಾವ: ಇನ್ನೊಬ್ಬರು ಬಾರಿಸಿದ ಪ್ಲೇಟು ತಿರುಗಿಸೋದು ಸಂಗೀತವೇ? ಸ್ವರಜ್ಞಾನ ಬೇಡವೇ?

ನಾನು: ಲಯಜ್ಞಾನ ಎಷ್ಟು ಬೇಕು ನೋಡಿ ಮಾವ. ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಎಂಬ ಇನ್ನೊಬ್ಬ ಡಿಜೆ ಎಲೆಕ್ಟ್ರಾನಿಕ್ಸ್ ಓದಿದ ಹುಡುಗ. ಬ್ರೇಕ್ ಎಲ್ಲಿ ಶುರು ಅಂತ ಪ್ಲೇಟಿನ ಮೇಲೆ ಕ್ರೇಯಾನ್‌ನಲ್ಲಿ ಗುರುತು ಹಾಕಿದ. ಜನರಿಗೆ ಒಂದು ಹಾಡು ಕೇಳುತ್ತಿರುವಾಗಲೇ ಮುಂದಿನದನ್ನು ತಾನೊಬ್ಬನೇ ಹೆಡ್‌ಫೋನಿನಲ್ಲಿ ಕೇಳಿ ತಾಳ ಹೊಂದಿಸಲು ಒಂದು ಸ್ವಿಚ್ಚನ್ನೂ ಮಾಡಿಕೊಂಡ. ವಾದ್ಯ ಕೊಳ್ಳಲು ಕಾಸಿಲ್ಲದ ಮಕ್ಕಳು ಪ್ಲೇಯರನ್ನೇ ವಾದ್ಯ ಮಾಡಿಕೊಂಡರು. ಇದಕ್ಕಿಂತ ದೊಡ್ಡ ಸಾಧನೆ ಇನ್ನೇನು ಬೇಕು?

ಅತ್ತೆ: ಅಯ್ಯೋ, ಥಟ್ಟನೆ ಮಾತು ಕಟ್ಟಿ ಎದುರಿನವರನ್ನು ಸೋಲಿಸೋದು ನಮ್ಮ ತಾಳಮದ್ದಳೆಯಲ್ಲಿ ಎಷ್ಟೋ ಕಾಲದಿಂದ ಇದೆ. ರ‍್ಯಾಪ್ ಅಂತ ಲಯಕ್ಕೆ ಪ್ರಾಸದ ಮಾತು ಹೇಳೋದು ಮೊದಲು ಇದ್ದದ್ದು ನಮ್ಮಲ್ಲೇ.

ನಾನು: ಅತ್ತೆ, ತಾಳಮದ್ದಳೆ ಅಂದರೆ ನನಗೂ ಪ್ರಾಣ. ಆದರೆ ರ‍್ಯಾಪಿನ ಬೇರು ಅಲ್ಲಿಲ್ಲ. ಹರ್ಕ್ ಹುಟ್ಟಿದ್ದು ಜಮೈಕಾದ ಕಿಂಗ್‌ಸ್ಟನ್‌ನಲ್ಲಿ. ಅಲ್ಲಿ ಬೀದಿಯಲ್ಲಿ ದೊಡ್ಡ ಸ್ಪೀಕರ್ ಇಟ್ಟು, ಓಡುವ ಹಾಡಿನ ಮೇಲೆ ಮೈಕಿನಲ್ಲಿ ಮಾತಾಡುವ ರೂಢಿ ಇತ್ತು. ಅಮೆರಿಕದ ಕಪ್ಪು ಜನರಲ್ಲಿ ಪ್ರಾಸ ಕಟ್ಟಿ ಒಬ್ಬರನ್ನೊಬ್ಬರು ಛೇಡಿಸುವ ಆಟ ಇತ್ತು. ಚರ್ಚಿನ ಬೋಧನೆಯ ಲಯ ಇತ್ತು. ಬ್ರೇಕಿಂಗ್ ಬೆಳೆಸಿದವರಲ್ಲಿ ಪೋರ್ಟೊರಿಕೊ ಮೂಲದ ಹುಡುಗರೂ ಇದ್ದರು. ಅವರು ಕಟ್ಟಿದ್ದಕ್ಕೆ ಅವರ ಹೆಸರೇ ಇರಲಿ ಅತ್ತೆ, ನಾವು ಹಕ್ಕು ಹೇಳುವುದು ಬೇಡ.

ಭಾವ: ಕದ್ದ ಸಾಮಾನು ಅನ್ನೋದಂತೂ ನಿಜ. 1977ರಲ್ಲಿ ನ್ಯೂಯಾರ್ಕಿನಲ್ಲಿ ಕರೆಂಟು ಹೋದಾಗ ಅಂಗಡಿಗಳನ್ನು ದೋಚಿದ್ದರಂತೆ.

ನಾನು: ಹೌದು, ಜುಲೈ 13ರ ರಾತ್ರಿ. ಕೆಲವು ಡಿಜೆಗಳ ಕೈಗೆ ಹಾಡು ಹಾಕುವ ಸಾಮಾನು ಬಂದದ್ದು ಆ ರಾತ್ರಿಯೇ ಅಂತ ಗ್ರ್ಯಾಂಡ್‌ಮಾಸ್ಟರ್ ಕ್ಯಾಜ್ ಎಂಬ ಬ್ರಾಂಕ್ಸಿನ ರ‍್ಯಾಪರ್ ಮುಚ್ಚುಮರೆ ಇಲ್ಲದೆ ಹೇಳಿದ್ದಾರೆ. ಆದರೆ ಅದು ಸಿಂಡಿಯ ಪಾರ್ಟಿ ಆಗಿ ಸುಮಾರು ನಾಲ್ಕು ವರ್ಷ ಕಳೆದ ಮೇಲೆ. ಹರ್ಕ್ ಬಳಸಿದ್ದು ಅಪ್ಪನ ಸ್ಪೀಕರ್. ಇನ್ನು ಆ ಜನರಿಂದ ಏನು ಕಿತ್ತುಕೊಂಡರು ಅಂತಲೂ ನೋಡಿ. ಬ್ರಾಂಕ್ಸ್ ನಡುವೆ ಹೆದ್ದಾರಿ ಹಾಕಲು ಸಾವಿರಾರು ಸಂಸಾರಗಳನ್ನು ಎಬ್ಬಿಸಿದರು. ಇನ್ಶೂರೆನ್ಸ್ ದುಡ್ಡಿಗಾಗಿ ಮಾಲೀಕರೇ ಕಟ್ಟಡಗಳಿಗೆ ಬೆಂಕಿ ಇಡಿಸಿದ್ದುಂಟು. ಅದೇ ಹೊತ್ತಿಗೆ ನಗರದವರು ಅಗ್ನಿಶಾಮಕ ಠಾಣೆಗಳನ್ನು ಮುಚ್ಚಿದರು. ಆ ಫಾರ್ವರ್ಡಿನಲ್ಲಿ ಇದರ ಒಂದು ಸಾಲೂ ಇಲ್ಲ.

ದೊಡ್ಡಮಾವ: ಹಾಡು ಕದ್ದದ್ದು?

ನಾನು: ಕದ್ದದ್ದು ಉಂಟು, ಒಪ್ಪುತ್ತೇನೆ. ಆದರೆ ಯಾರದ್ದನ್ನು ಯಾರು ಕದ್ದರು? ನಿಮ್ಮ ಫಾರ್ವರ್ಡಿನ 1979 ಅಂದರೆ 'ರ‍್ಯಾಪರ್ಸ್ ಡಿಲೈಟ್' ಎಂಬ ರ‍್ಯಾಪ್ ಹಾಡಿನ ಪ್ಲೇಟು ಬಂದ ವರ್ಷ. ಸಿಲ್ವಿಯಾ ರಾಬಿನ್ಸನ್ ಎಂಬ ರೆಕಾರ್ಡ್ ಕಂಪನಿಯವರು ನ್ಯೂಜೆರ್ಸಿಯಲ್ಲಿ ಮೂವರನ್ನು ಸೇರಿಸಿ ಹಾಡಿಸಿದರು. ಅದರಲ್ಲಿ ಬಿಗ್ ಬ್ಯಾಂಕ್ ಹ್ಯಾಂಕ್ ಎಂಬಾತ ಪಿಜ್ಜಾ ಅಂಗಡಿಯಲ್ಲಿ ಕೆಲಸಕ್ಕಿದ್ದವನು. ಅವನು ಹೇಳಿದ ಸಾಲುಗಳು ಕ್ಯಾಜ್ ಬರೆದವು. ಕ್ಯಾಜ್ ತನ್ನ ಅಡ್ಡಹೆಸರನ್ನು ಅಕ್ಷರ ಅಕ್ಷರ ಬಿಡಿಸಿ ಹೇಳಿದ್ದ ಸಾಲನ್ನೂ ಹ್ಯಾಂಕ್ ಹಾಗೇ ಹೇಳಿಬಿಟ್ಟ. ಪ್ಲೇಟು ಲಕ್ಷಗಟ್ಟಲೆ ಮಾರಾಟವಾಯಿತು. ಕ್ಯಾಜ್‌ಗೆ ಹೆಸರೂ ಸಿಗಲಿಲ್ಲ, ಪಾಲೂ ಸಿಗಲಿಲ್ಲ. ನನಗೆ ಇವತ್ತಿಗೂ ಇದು ಸಂಕಟ. ಕಂಪನಿ ಹಿಪ್‌ಹಾಪನ್ನು ಹುಟ್ಟಿಸಲಿಲ್ಲ ಮಾವ, ಬೆಳೆದು ನಿಂತ ಮೇಲೆ ಬಂದು ಕೊಯ್ದುಕೊಂಡಿತು.

ಭಾವ: ಹಾಗಾದರೆ ಜೇಮ್ಸ್ ಬ್ರೌನ್ ಕಡೆಯವರಿಗೆ ಅನ್ಯಾಯ ಆಗಲಿಲ್ಲವೇ?

ನಾನು: ಆಯಿತು. ಅವರ ಡ್ರಮ್ಮರ್ ಕ್ಲೈಡ್ ಸ್ಟಬಲ್‌ಫೀಲ್ಡ್ 1969ರಲ್ಲಿ ಬಾರಿಸಿದ ಒಂದು ತುಣುಕನ್ನು ಮುಂದೆ ನೂರಾರು ಹಾಡುಗಳಲ್ಲಿ ಬಳಸಿದರು. ಹಾಡಿನ ಹಕ್ಕು ಅವರ ಹೆಸರಲ್ಲಿ ಇರಲಿಲ್ಲ, ಹಾಗಾಗಿ ರಾಯಲ್ಟಿ ಸಿಗಲಿಲ್ಲ. ಇದಕ್ಕೆ ನಾನು ಸಮರ್ಥನೆ ಹುಡುಕುವುದಿಲ್ಲ.

ಅತ್ತೆ: ಅದೆಲ್ಲ ಬಿಡು. ಹೆಣ್ಣುಮಕ್ಕಳನ್ನು ಕೆಟ್ಟದಾಗಿ ಬೈಯುವ ಹಾಡು ನಮ್ಮ ಪುಟ್ಟಿ ಕೇಳಬೇಕೇ?

ನಾನು: ಬೇಡ ಅತ್ತೆ. ಆ ಮಾತು ನಿಮಗಿಂತ ಮೊದಲು ಹಿಪ್‌ಹಾಪ್‌ನ ಹೆಂಗಸರೇ ಎತ್ತಿದ್ದಾರೆ. ಕ್ವೀನ್ ಲತೀಫಾ 1993ರಲ್ಲಿ ಹೆಣ್ಣನ್ನು ಹೀಗಳೆಯುವವರ ಮುಖಕ್ಕೇ ಹೇಳುವ ಹಾಡು ಮಾಡಿದರು. ಅದಕ್ಕೆ ಗ್ರ್ಯಾಮಿ ಸಂಗೀತ ಪ್ರಶಸ್ತಿ ಬಂತು. ಪುಟ್ಟಿ ಅದನ್ನು ಕೇಳಲಿ. 1982ರ 'ದಿ ಮೆಸೇಜ್' ಕೇಳಲಿ. ಮುರುಕು ಬೀದಿಯಲ್ಲಿ ಬದುಕೋದು ಹೇಗಿರುತ್ತದೆ ಅಂತ ಅದರಲ್ಲಿದೆ. ಬಂದೂಕು, ಬೈಗುಳದ ಹಾಡು ಜಾಸ್ತಿ ಮಾರಾಟವಾದವು ನಿಜ, ಹಾಗಂತ ಇವು ಇರಲೇ ಇಲ್ಲ ಅನ್ನೋದು ಸರಿಯಲ್ಲ ಅಲ್ವಾ?

ಪುಟ್ಟಿ: ತಾತ, ಕ್ಲಾಸಿನಲ್ಲಿ ಬೈಗುಳ ಇಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬ್ರೇಕಿಂಗ್ ಇತ್ತು. ಜಪಾನಿನ ಅಮಿ ಚಿನ್ನ ಗೆದ್ದಳು.

ಭಾವ: 2028ಕ್ಕೆ ಅದನ್ನು ಕೈಬಿಟ್ಟಿದ್ದಾರೆ ಮಗಾ.

ಪುಟ್ಟಿ: ಅಪ್ಪಾ!!

ದೊಡ್ಡಮಾವ: ಅವರ ಕಷ್ಟ, ಅವರ ಹಾಡು. ಸರಿ. ನಮ್ಮ ಮಕ್ಕಳಿಗೆ ಯಾಕೆ?

ನಾನು: ಅವರವರ ಭಾಷೆಯಲ್ಲಿ ಅವರವರ ಊರಿನ ಮಾತು ಹೇಳಲು ಅದು ಎಲ್ಲ ಕಡೆ ಒದಗಿತು ಮಾವ. ಫ್ರೆಂಚಿನಲ್ಲಿ ಎಂಸಿ ಸೋಲಾರ್ ಬಂದರು, ಸೆನೆಗಲ್‌ನ ಹುಡುಗರು ವೋಲೋಫ್ ಭಾಷೆಯಲ್ಲಿ ಹಾಡಿದರು. ಕನ್ನಡದಲ್ಲಿ ಆಲ್ ಓಕೆ, ಚಂದನ್ ಶೆಟ್ಟಿ ಅವರನ್ನು ಕೇಳುತ್ತಾ ಬೆಳೆದ ಮಕ್ಕಳು ಎಷ್ಟಿಲ್ಲ? ನಮ್ಮ ಮಕ್ಕಳು ಕಲಿಯಲಿ, ಆದರೆ ಯಾರಿಂದ ಬಂತು ಅಂತ ತಿಳಿದು ಕಲಿಯಲಿ. ನೀವು ಆ ಫಾರ್ವರ್ಡನ್ನು ಬೇರೆ ಗುಂಪಿಗೂ ಕಳಿಸಿದ್ದೀರಾ?

ದೊಡ್ಡಮಾವ: ಸತ್ಸಂಗದ ಗುಂಪಿಗೆ ಕಳಿಸಿದ್ದೆ.

ನಾನು: ಅಲ್ಲಿಗೆ ಸಿಂಡಿಯ ವಿಷಯವನ್ನೂ ಕಳಿಸಿ ಮಾವ, ದಯವಿಟ್ಟು.

ದೊಡ್ಡಮಾವ: ತಾರೀಖು ತಪ್ಪಿದ್ದರೆ ತಿದ್ದಬೇಕಾದ್ದೇ. ಕಳಿಸುತ್ತೇನೆ. ಕ್ಲಾಸಿಗೆ ಮಾತ್ರ ನನ್ನ ಒಪ್ಪಿಗೆ ಇಲ್ಲ.

ಅಕ್ಕ: ಶನಿವಾರ ನಾಲ್ಕು ಗಂಟೆಗೆ ಕ್ಲಾಸು. ನನಗೆ ಡ್ಯೂಟಿ ಇದೆ. ಪುಟ್ಟಿಯನ್ನು ಬಿಟ್ಟು ಬರೋದು ಯಾರು?